ಒಂದು ಅಂಕದ ಪ್ರಶ್ನೆಯೊಳಗಿದ್ದ ಸಾರಾಭಾಯಿ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲೆಂದು ನಾನು ಧಾರವಾಡಕ್ಕೆ ಬಂದು ಇದು ಮೂರನೇ ವರ್ಷ. ನನ್ನ ನೋಟ್‌ಬುಕ್ಕಿನಲ್ಲಿ ವಿಕ್ರಮ್ ಸಾರಾಭಾಯಿ ಅವರಿಗೆ ಸಿಕ್ಕಿದ್ದು ಒಂದೇ ಸಾಲು: ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ. ಅವರ ಮೇಲಿನ ಸಾಲಿನಲ್ಲಿ ಹೋಮಿ ಭಾಭಾ, ಕೆಳಗಿನ ಸಾಲಿನಲ್ಲಿ ವರ್ಗೀಸ್ ಕುರಿಯನ್. ಪಿತಾಮಹರಿಗೆಂದೇ ಒಂದು ಪುಟ ಮೀಸಲು. ಸರಿಯಾದ ಆಯ್ಕೆಗೆ ಗುರುತು ಹಾಕಿದರೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಡಿತ. ಅದಕ್ಕಿಂತ ಹೆಚ್ಚಿಗೆ ಆ ಮನುಷ್ಯನ ಬಗ್ಗೆ ತಿಳಿದುಕೊಳ್ಳಬೇಕು ಅಂತ ನನಗೆ ಅನ್ನಿಸಿರಲೇ ಇಲ್ಲ. ಓದುವ ಕೋಣೆಯಲ್ಲಿರುವ ನಮಗೆ ಅಷ್ಟು ಪುರುಸೊತ್ತೂ ಇರುವುದಿಲ್ಲ ಬಿಡಿ.

ಕಳೆದ ಪಂಚಮಿಗೆ ಊರಿಗೆ ಹೋಗಿದ್ದೆ. ನಮ್ಮದು ರಾಯಚೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಸಂಜೆ ಕಟ್ಟೆಯ ಮೇಲೆ ಕೂತು ಉಪಗ್ರಹಗಳ ಹೆಸರು, ಉಡಾವಣೆಯಾದ ಇಸವಿಗಳನ್ನು ಗಟ್ಟಿಯಾಗಿ ಹೇಳಿಕೊಂಡು ಬಾಯಿಪಾಠ ಮಾಡುತ್ತಿದ್ದೆ. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಅಜ್ಜಿ, ತಾನು ಸೊಸೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನಮ್ಮ ಶಾಲೆಗೆ ಆಕಾಶದಿಂದ ಟಿ.ವಿ. ಬರುತ್ತಿತ್ತು ಅಂದಳು. ನಾನು ನಕ್ಕೆ. ನನಗೆ ಗೊತ್ತಿದ್ದಂತೆ ನಮ್ಮೂರಿಗೆ ಟಿ.ವಿ. ಬಂದದ್ದು ಅಪ್ಪ ಹೈಸ್ಕೂಲು ಓದುವಾಗ, ಗೌಡರ ಮನೆಗೆ. ಅಜ್ಜಿಗೆ ಸಿಟ್ಟು ಬಂತು. ಶಾಲೆಯ ಅಂಗಳದಲ್ಲಿ ಕೋಳಿಬಲೆಯಂಥ ತಂತಿಯ ದೊಡ್ಡ ಛತ್ರಿ ನಿಲ್ಲಿಸಿದ್ದರಂತೆ. ಸಂಜೆಯಾದರೆ ಗಂಡಸರು, ಮಕ್ಕಳು ಮುಂದೆ, ಹೆಂಗಸರು ಗೋಡೆಯ ಮಗ್ಗುಲಲ್ಲಿ. ಪೆಟ್ಟಿಗೆ ಕನ್ನಡದಲ್ಲಿ ಮಾತಾಡುತ್ತಿತ್ತಂತೆ. ಬೀಜ, ಗೊಬ್ಬರ, ಕೂಸಿನ ಆರೈಕೆ, ನಡುನಡುವೆ ಹಾಡು, ಕುಣಿತ. ಒಂದು ವರ್ಷ ನಡೆದು ಒಂದು ದಿನ ಸುಮ್ಮನಾಯಿತು. ಯಾಕೆ ಅಂತ ಯಾರೂ ಹೇಳಲಿಲ್ಲವಂತೆ.

ಧಾರವಾಡಕ್ಕೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಹುಡುಕಿದೆ. ಅಜ್ಜಿ ಹೇಳಿದ್ದೆಲ್ಲ ನಿಜವಾಗಿತ್ತು. ಅದರ ಹೆಸರು ಸೈಟ್, ಅಂದರೆ ಉಪಗ್ರಹದ ಮೂಲಕ ದೂರದರ್ಶನ ಶಿಕ್ಷಣದ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದಿತ್ತು. ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ನನ್ನ ಅಜ್ಜಿ ಟಿ.ವಿ. ನೋಡಿದ್ದಳು! ಯಾವಾಗಲೂ ಎಲ್ಲವೂ ಕೊನೆಗೆ ಬರುವ ನಮ್ಮ ಭಾಗಕ್ಕೆ ಇದೊಂದು ಮಾತ್ರ ಮೊದಲು ಬಂದದ್ದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕವರೇ ನನ್ನ ನೋಟ್‌ಬುಕ್ಕಿನ ಆ ಒಂದು ಸಾಲಿನ ಮನುಷ್ಯ. ವಿಚಿತ್ರ ಏನೆಂದರೆ, ಅಜ್ಜಿ ಟಿ.ವಿ. ನೋಡುವ ಹೊತ್ತಿಗೆ ಅವರು ತೀರಿಕೊಂಡು ಮೂರೂವರೆ ವರ್ಷ ಆಗಿತ್ತು.

ಪ್ರಾಮಾಣಿಕವಾಗಿ ಹೇಳುತ್ತೇನೆ, ಅವರ ಜೀವನದ ಮೊದಲ ಪುಟಗಳನ್ನು ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ ಕ್ಯಾಲಿಕೊ ಬಟ್ಟೆ ಗಿರಣಿಯ ಮಾಲೀಕರು. ತಾಯಿ ಸರಳಾದೇವಿ ತಮ್ಮ ಎಂಟು ಮಕ್ಕಳಿಗಾಗಿ ಮನೆಯಲ್ಲೇ ಶಾಲೆ ನಡೆಸಿದವರು. ಗಾಂಧೀಜಿ, ಟ್ಯಾಗೋರ್ ಅವರ ಒಡನಾಟವಿದ್ದ ಮನೆತನ. ಇಂಥವರ ಕಥೆ ಓದಿ ಬ್ಯಾಂಕಿನ ಡಿ.ಡಿ. ತೆಗೆಸಲು ಗೆಳತಿಯ ಹತ್ತಿರ ಸಾಲ ಕೇಳುವ ನನಗೇನು ಲಾಭ ಅನ್ನಿಸಿತು. ಪುಸ್ತಕ ಮುಚ್ಚಿಡಬೇಕು ಅನ್ನುವಾಗ ಅದೇ ಮನೆಯ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು.

ವಿಕ್ರಮ್ ಹುಟ್ಟುವ ಹಿಂದಿನ ವರ್ಷ, 1918ರಲ್ಲಿ, ಅಹಮದಾಬಾದಿನ ಗಿರಣಿ ಕಾರ್ಮಿಕರು ಕೂಲಿ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ಗಾಂಧೀಜಿಯ ಜತೆ ನಿಂತು ಆ ಮುಷ್ಕರ ಮುನ್ನಡೆಸಿದವರು ಅನಸೂಯಾ ಸಾರಾಭಾಯಿ. ಎದುರು ಪಾಳಯದಲ್ಲಿದ್ದ ಮಾಲೀಕರಲ್ಲಿ ಒಬ್ಬರು ಅವರ ಸ್ವಂತ ತಮ್ಮ ಅಂಬಾಲಾಲ್. ತಮ್ಮ ಮಾಲೀಕ, ಅಕ್ಕ ಕಾರ್ಮಿಕರ ನಾಯಕಿ. ಮುಂದೆ ವಿಕ್ರಮ್ ಅವರ ಅಕ್ಕ ಮೃದುಲಾ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. ಹಣವಿದ್ದ ಮನೆ ಹೌದು. ಆದರೆ ಆ ಹಣ ಯಾರಿಗಾಗಿ ಎಂಬ ಪ್ರಶ್ನೆಯೂ ಇದ್ದ ಮನೆ. ನಾನು ಓದು ಮುಂದುವರಿಸಿದೆ.

ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಓದಿದ ವಿಕ್ರಮ್, 1937ರಲ್ಲಿ ಕೇಂಬ್ರಿಜ್‌ಗೆ ಹೋಗಿ ಸೇಂಟ್ ಜಾನ್ಸ್ ಕಾಲೇಜು ಸೇರಿದರು. 1940ರಲ್ಲಿ ನೈಸರ್ಗಿಕ ವಿಜ್ಞಾನದಲ್ಲಿ ಪದವಿ ಪಡೆದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಊರಿಗೆ ಮರಳಬೇಕಾಯಿತು. ಅಪ್ಪನ ಗಿರಣಿ ಕಾಯುತ್ತಿತ್ತು. ಆದರೆ ಅವರು ಬಂದದ್ದು ಬೆಂಗಳೂರಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ, ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಲು. ಯುದ್ಧದಿಂದಾಗಿಯೇ ಇಲ್ಲಿ ಉಳಿದಿದ್ದ ಹೋಮಿ ಭಾಭಾ ಕೂಡ ಆಗ ಅದೇ ಸಂಸ್ಥೆಯಲ್ಲಿದ್ದರು. ಅಣುಶಕ್ತಿ ಮತ್ತು ಬಾಹ್ಯಾಕಾಶ, ಮುಂದೆ ಈ ದೇಶದಲ್ಲಿ ಇವೆರಡನ್ನೂ ಕಟ್ಟಿದವರು ಒಂದೇ ಆವರಣದಲ್ಲಿ ಓಡಾಡಿದ ಕಾಲ ಅದು. ಅರಳುತ್ತಿದ್ದ ನೃತ್ಯಗಾರ್ತಿ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯವಾದದ್ದೂ ಬೆಂಗಳೂರಿನಲ್ಲೇ. 1942ರಲ್ಲಿ ಇಬ್ಬರೂ ಮದುವೆಯಾದರು.

ಬೆಂಗಳೂರಿನಲ್ಲಿ ಅವರು ಹಿಡಿದ ವಿಷಯ ಕಾಸ್ಮಿಕ್ ಕಿರಣ, ಅಂದರೆ ವಿಶ್ವಕಿರಣ. ಬಾಹ್ಯಾಕಾಶದಿಂದ ಹಗಲಿರುಳೂ ನಮ್ಮ ವಾತಾವರಣಕ್ಕೆ ಬಂದು ಬಡಿಯುವ ಕಣಗಳವು. ಅವುಗಳ ಪ್ರಮಾಣ ಹೊತ್ತಿನಿಂದ ಹೊತ್ತಿಗೆ ಏರಿಳಿಯುತ್ತದೆ. ಆ ಏರಿಳಿತವನ್ನು ಜಾಗ್ರತೆಯಿಂದ ಅಳೆದರೆ ಸೂರ್ಯನ ಬಗ್ಗೆ, ಸೂರ್ಯ ಮತ್ತು ಭೂಮಿಯ ನಡುವಿನ ಅವಕಾಶದ ಬಗ್ಗೆ ಕುಳಿತಲ್ಲಿಂದಲೇ ತಿಳಿಯಬಹುದು. 1942ರಲ್ಲಿ ಅವರ ಮೊದಲ ಪ್ರಬಂಧ ಪ್ರಕಟವಾಯಿತು. ಮರುವರ್ಷ ಎತ್ತರದ ಜಾಗದಲ್ಲಿ ಅಳತೆ ಮಾಡಲು ಉಪಕರಣಗಳೊಂದಿಗೆ ಕಾಶ್ಮೀರಕ್ಕೆ ಹೋದರು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ, 1947ರಲ್ಲಿ ಪಿಎಚ್.ಡಿ. ಮುಗಿಸಿ ಬಂದರು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಇನ್ನೂರು ವರ್ಷ ಆಳಿಸಿಕೊಂಡ ನಾಡು. ಗಿರಣಿಯ ಯಂತ್ರಗಳೂ ಪ್ರಯೋಗಾಲಯದ ಉಪಕರಣಗಳೂ ಬಹುಪಾಲು ಹೊರಗಿನಿಂದಲೇ ಬರಬೇಕು. ಕಾಸ್ಮಿಕ್ ಕಿರಣದಲ್ಲಿ ಪಿಎಚ್.ಡಿ. ಮಾಡಿದವರಿಗೆ ಅಹಮದಾಬಾದಿನಲ್ಲಿ ಯಾವ ಹುದ್ದೆಯೂ ಕಾದಿರಲಿಲ್ಲ. ಆ ಕೆಲಸದ ಅರ್ಜಿ ನಮೂನೆಯನ್ನು ಅವರೇ ಬರೆಯಬೇಕಿತ್ತು. 1947ರ ನವೆಂಬರ್ 11ರಂದು ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿ.ಆರ್.ಎಲ್. ಶುರುವಾಯಿತು. ಆಗ ವಿಕ್ರಮ್‌ಗೆ 28 ವರ್ಷ. ಸ್ವಂತ ಕಟ್ಟಡವಿಲ್ಲ, ನಗರದ ವಿಜ್ಞಾನ ಕಾಲೇಜೊಂದರ ಕೋಣೆಗಳೇ ಪ್ರಯೋಗಾಲಯ. ಇನ್ನೊಂದು ವಿಷಯ ಗಮನಿಸಿ. ಹುಟ್ಟುಹಾಕಿದವರು ತಾವಾದರೂ ನಿರ್ದೇಶಕರ ಕುರ್ಚಿಯಲ್ಲಿ ಅವರು ಕೂರಲಿಲ್ಲ. ಅನುಭವಿ ಹವಾಮಾನ ವಿಜ್ಞಾನಿ ಕೆ.ಆರ್. ರಾಮನಾಥನ್ ಅವರನ್ನು ಕರೆತಂದು ಕೂರಿಸಿದರು.

ಅದೇ ವರ್ಷ ಜವಳಿ ಗಿರಣಿಗಳೆಲ್ಲ ಸೇರಿ ನಡೆಸುವ ಸಂಶೋಧನಾ ಸಂಸ್ಥೆ ಅಟಿರಾ ರೂಪುಗೊಂಡಿತು. ನೂಲು ಯಾಕೆ ಕಡಿಯುತ್ತದೆ, ಹತ್ತಿಯ ಗುಣ ಹೇಗೆ ಅಳೆಯಬೇಕು ಎಂಬಂಥ ಪ್ರಶ್ನೆಗಳಿಗೆ ಅನುಭವದ ಊಹೆಯ ಬದಲು ಅಳತೆಯಿಂದ ಉತ್ತರ ಹುಡುಕುವ ಜಾಗ ಅದು. ಅದನ್ನು ಕಟ್ಟುವ ಹೊಣೆ ಬಿದ್ದದ್ದು ಜವಳಿ ತಂತ್ರಜ್ಞಾನದ ಪದವಿಯೇ ಇಲ್ಲದ ಈ ಭೌತವಿಜ್ಞಾನಿಯ ಮೇಲೆ. 1949ರಲ್ಲಿ ಮೃಣಾಲಿನಿ ಜತೆ ದರ್ಪಣ ಕಲಾ ಸಂಸ್ಥೆ. 1961ರಲ್ಲಿ ಅಹಮದಾಬಾದಿನ ಐ.ಐ.ಎಂ. ಅದರ ಆರಂಭದ ವರ್ಷಗಳಲ್ಲಿ ಗೌರವ ನಿರ್ದೇಶಕರಾಗಿದ್ದು, 1965ರಲ್ಲಿ ರವಿ ಮಥಾಯ್ ಎಂಬ ತರುಣನಿಗೆ ಹೊಣೆ ದಾಟಿಸಿದರು. ಕಟ್ಟುವುದು, ನಡೆಸಬಲ್ಲವರನ್ನು ಹುಡುಕುವುದು, ಬಿಟ್ಟುಕೊಟ್ಟು ಮುಂದಿನ ಕೆಲಸಕ್ಕೆ ಹೋಗುವುದು. ಅವರ ಬದುಕಿನುದ್ದಕ್ಕೂ ಇದೇ ಕ್ರಮ.

ಪಿ.ಆರ್.ಎಲ್.ನಲ್ಲಿ ಅವರ ಬಳಿ ಪಿಎಚ್.ಡಿ. ಮಾಡಿದವರಲ್ಲಿ ನಮ್ಮ ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಕೂಡ ಒಬ್ಬರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1957ರಲ್ಲಿ ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿತು. ಐದು ವರ್ಷದ ನಂತರ, 1962ರಲ್ಲಿ, ಭಾರತ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ರಚಿಸಿತು. ಸಾರಾಭಾಯಿ ಅಧ್ಯಕ್ಷರು. ಮೊದಲು ಬೇಕಾದದ್ದು ರಾಕೆಟ್ ಹಾರಿಸುವ ಜಾಗ. ತಿರುವನಂತಪುರದ ಹತ್ತಿರ ತುಂಬಾ ಎಂಬ ಮೀನುಗಾರರ ಊರು ಆಯ್ಕೆಯಾಯಿತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಊರಿನ ಹತ್ತಿರವೇ ಹಾದುಹೋಗುತ್ತದೆ. ಅಲ್ಲಿ ನೂರು ಕಿ.ಮೀ. ಆಸುಪಾಸಿನ ಎತ್ತರದಲ್ಲಿ ವಿದ್ಯುತ್ ಪ್ರವಾಹದ ಒಂದು ಪಟ್ಟಿ ಹರಿಯುತ್ತದೆ. ಬಲೂನು ಅಷ್ಟು ಮೇಲೆ ಹೋಗದು, ಉಪಗ್ರಹ ಅಷ್ಟು ಕೆಳಗೆ ಸುತ್ತದು. ಅದನ್ನು ಅರಿಯಲು ಸಣ್ಣ ರಾಕೆಟ್ಟೇ ಬೇಕು.

ಆದರೆ ಆ ಜಾಗದಲ್ಲಿ ಸೇಂಟ್ ಮೇರಿ ಮ್ಯಾಗ್ದಲೀನ್ ಚರ್ಚ್ ಇತ್ತು, ಸುತ್ತ ಮೀನುಗಾರರ ಮನೆಗಳಿದ್ದವು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ತಮ್ಮ ಜನರೊಂದಿಗೆ ಮಾತಾಡಿದರು. ಜನ ಜಾಗ ಬಿಟ್ಟುಕೊಟ್ಟರು. ಚರ್ಚ್ ಕಚೇರಿಯಾಯಿತು. ಸೈಕಲ್ ಮೇಲೆ ರಾಕೆಟ್ಟಿನ ಭಾಗ ಸಾಗಿಸುವ ಚಿತ್ರವನ್ನು ನಾವೆಲ್ಲ ಮೊಬೈಲಿನಲ್ಲಿ ಹಂಚಿಕೊಂಡು ಹೆಮ್ಮೆ ಪಟ್ಟಿದ್ದೇವೆ. ಕಡಲ ಅಂಚಿನ ಮನೆ ಬಿಟ್ಟುಹೋದ ಆ ಮೀನುಗಾರರ ಚಿತ್ರ ಮಾತ್ರ ಯಾರ ಮೊಬೈಲಿಗೂ ಬರಲಿಲ್ಲ. ದೇಶದ ವಿಜ್ಞಾನಕ್ಕೆ ಮೊದಲ ಕಂತು ಕಟ್ಟಿದವರಲ್ಲಿ ಅವರೂ ಇದ್ದಾರೆ.

1963ರ ನವೆಂಬರ್ 21ರ ಸಂಜೆ ತುಂಬಾದಿಂದ ಮೊದಲ ರಾಕೆಟ್ ಏರಿತು. ರಾಕೆಟ್ ಅಮೆರಿಕದ್ದು, ಅದರೊಳಗಿನ ಉಪಕರಣ ಫ್ರಾನ್ಸಿನದು. ಮೇಲೆ ಹೋಗಿ ಸೋಡಿಯಂ ಆವಿ ಚೆಲ್ಲಿದಾಗ ಮುಸ್ಸಂಜೆಯ ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಮೂಡಿತು. ನಮ್ಮದೇ ಆದ ರೋಹಿಣಿ ರಾಕೆಟ್ ಹಾರಲು ಇನ್ನೂ ನಾಲ್ಕು ವರ್ಷ, 1967ರ ನವೆಂಬರ್‌ವರೆಗೆ ಕಾಯಬೇಕಾಯಿತು. ಅದರ ವ್ಯಾಸ ಬರೀ 75 ಮಿಲಿಮೀಟರ್. ಮುಷ್ಟಿಗಿಂತ ಕೊಂಚ ಕಡಿಮೆ ಅಗಲದ ಕೊಳವೆ ಅನ್ನಿ. ಅಲ್ಲಿಂದಲೇ ಶುರು.

ಸಂದರ್ಶನಗಳಿಗೆ ಅಲೆಯುವ ನನ್ನಂಥವರು ಓದಲೇಬೇಕಾದ ಪ್ರಸಂಗವೊಂದು ಇಲ್ಲಿದೆ. ವಾಯುಪಡೆಯ ಆಯ್ಕೆಯಲ್ಲಿ ಎಂಟು ಹುದ್ದೆಗಳಿಗೆ ಒಂಬತ್ತನೆಯವರಾಗಿ ನಿರಾಶರಾಗಿದ್ದ ರಾಮೇಶ್ವರದ ತರುಣನೊಬ್ಬ, ಮುಂದೆ ರಾಕೆಟ್ ಎಂಜಿನಿಯರ್ ಹುದ್ದೆಯ ಸಂದರ್ಶನಕ್ಕೆ ಮುಂಬೈಗೆ ಹೋದರು. ಮೇಜಿನ ಆಚೆ ಕೂತವರಲ್ಲಿ ಸಾರಾಭಾಯಿ ಇದ್ದರು. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಆ ದಿನವನ್ನು ನೆನೆದಿದ್ದಾರೆ. ಸಾರಾಭಾಯಿ ಕೇಳಿದ ಪ್ರಶ್ನೆಗಳು ಅಭ್ಯರ್ಥಿಗೆ ಏನು ಗೊತ್ತಿದೆ ಎಂಬುದನ್ನು ಅಳೆಯುವಂತಿರಲಿಲ್ಲ, ಈತನಿಂದ ಏನೇನು ಸಾಧ್ಯವಿದೆ ಎಂದು ಹುಡುಕುವಂತಿದ್ದವು ಎಂಬುದು ಅವರ ನೆನಪಿನ ಸಾರ. ಯೋಚಿಸಿದರೆ ಬೇರೆ ದಾರಿಯೂ ಇರಲಿಲ್ಲ. ರಾಕೆಟ್ ಗೊತ್ತಿರುವವರೇ ಬೇಕೆಂದಿದ್ದರೆ ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಜನರೂ ಸಿಗುತ್ತಿರಲಿಲ್ಲ. ಬಂದವರೆಲ್ಲ ಕೆಲಸಕ್ಕೆ ಸೇರಿದ ಮೇಲೆಯೇ ಕೆಲಸ ಕಲಿತವರು.

1966ರ ಜನವರಿ 24ರಂದು ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಣುಶಕ್ತಿ ಆಯೋಗದ ಅಧ್ಯಕ್ಷತೆಯೂ ಸಾರಾಭಾಯಿ ಹೆಗಲಿಗೆ ಬಂತು. 1969ರ ಆಗಸ್ಟ್ 15ರಂದು ಇಸ್ರೊ ಸ್ಥಾಪನೆಯಾಯಿತು. ಅಹಮದಾಬಾದ್, ಮುಂಬೈ, ದೆಹಲಿ, ತಿರುವನಂತಪುರ ಅಂತ ಬಿಡುವಿಲ್ಲದ ಓಡಾಟ. ಹೊಟ್ಟೆಗಿಲ್ಲದ ದೇಶಕ್ಕೆ ರಾಕೆಟ್ ಯಾಕೆ ಎಂದು ಕೇಳುವವರು ಆಗಲೂ ಇದ್ದರು. ಕೇಳಿದ್ದು ತಪ್ಪೇನಲ್ಲ. 60ರ ದಶಕದ ನಡುವಿನ ಬರಗಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರಬೇಕಿತ್ತು.

ಸಾರಾಭಾಯಿ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಚಂದ್ರನಿಗೆ ಮನುಷ್ಯನನ್ನು ಕಳಿಸುವ ಶ್ರೀಮಂತ ದೇಶಗಳ ಜತೆ ಪೈಪೋಟಿ ನಮ್ಮ ಉದ್ದೇಶವಲ್ಲ, ನಮ್ಮ ಜನರ ನಿಜವಾದ ಸಮಸ್ಯೆಗಳಿಗೆ ಈ ತಂತ್ರಜ್ಞಾನ ಬಳಸುವುದೇ ಉದ್ದೇಶ ಎಂಬುದು ಅವರ ನಿಲುವಾಗಿತ್ತು. ಅದಕ್ಕೆ ತಕ್ಕ ಲೆಕ್ಕಾಚಾರವೂ ಅವರಲ್ಲಿತ್ತು. ಐದು ಲಕ್ಷಕ್ಕೂ ಹೆಚ್ಚು ಹಳ್ಳಿಗಳ ದೇಶ ಇದು. ನೆಲದ ಮೇಲೆ ಗೋಪುರ ಕಟ್ಟುತ್ತಾ ಹೋದರೆ ಟಿ.ವಿ. ಮೊದಲು ದೊಡ್ಡ ನಗರಗಳಿಗೆ ಬರುತ್ತದೆ, ಆಮೇಲೆ ಜಿಲ್ಲಾ ಕೇಂದ್ರಕ್ಕೆ, ಕೊನೆಗೆ ಯಾವಾಗಲೋ ಹಳ್ಳಿಗೆ. ಉಪಗ್ರಹಕ್ಕೆ ಆ ಸರದಿ ಇಲ್ಲ. ಮೇಲಿನಿಂದ ನೋಡುವ ಅದಕ್ಕೆ ದೆಹಲಿಯೂ ಒಂದೇ, ರಾಯಚೂರಿನ ಹಳ್ಳಿಯೂ ಒಂದೇ. ಹಾಗಾದರೆ ಕಟ್ಟಕಡೆಯವರಿಂದಲೇ ಯಾಕೆ ಶುರು ಮಾಡಬಾರದು? ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ನಮ್ಮ ಭಾಗಕ್ಕೆ ಟಿ.ವಿ. ಮೊದಲು ಬಂದದ್ದು ಆಕಸ್ಮಿಕ ಅಲ್ಲ. ಹಿಂದುಳಿದ ಜಿಲ್ಲೆಗಳು ಎಂಬ ಕಾರಣಕ್ಕೇ ನಮ್ಮನ್ನು ಆರಿಸಿದ್ದರು.

ಉಪಗ್ರಹ ನಮ್ಮ ಬಳಿ ಇರಲಿಲ್ಲ. 1969ರಲ್ಲಿ ಅಮೆರಿಕದ ನಾಸಾ ಜತೆ ಒಪ್ಪಂದವಾಯಿತು. ಅವರ ಎ.ಟಿ.ಎಸ್.-6 ಉಪಗ್ರಹ ಒಂದು ವರ್ಷದ ಮಟ್ಟಿಗೆ ನಮ್ಮ ಕೆಲಸಕ್ಕೆ. ಹಳ್ಳಿಯಲ್ಲಿ ಸಂಕೇತ ಹಿಡಿಯುವ ಆಂಟೆನಾ, ಟಿ.ವಿ. ಪೆಟ್ಟಿಗೆ, ಕಾರ್ಯಕ್ರಮ, ರಿಪೇರಿಯ ಹೊಣೆಯೆಲ್ಲ ನಮ್ಮದು. ಆಂಟೆನಾಗೆ ದುಬಾರಿ ಲೋಹದ ಬದಲು ಸುಮಾರು ಹತ್ತಡಿ ಅಗಲದ ತಂತಿಬಲೆ ಸಾಕು ಎಂದು ನಮ್ಮ ಎಂಜಿನಿಯರುಗಳು ಕಂಡುಕೊಂಡರು. ಅಜ್ಜಿ ಕಂಡ ಕೋಳಿಬಲೆಯ ಛತ್ರಿ ಅದೇ.

1971ರ ಡಿಸೆಂಬರ್ 30ರಂದು, ಕೇರಳದ ಕೋವಳಂನಲ್ಲಿ ರಾತ್ರಿ ಮಲಗಿದ ಸಾರಾಭಾಯಿ ಬೆಳಿಗ್ಗೆ ಏಳಲಿಲ್ಲ. ವಯಸ್ಸು ಬರೀ 52. ಆ ದಿನದ ಮಟ್ಟಿಗೆ ಲೆಕ್ಕ ಹಾಕಿದರೆ ಭಾರತದ್ದು ಅನ್ನುವ ಒಂದೇ ಒಂದು ಉಪಗ್ರಹ ಆಕಾಶದಲ್ಲಿ ಇರಲಿಲ್ಲ. ಒಂದೇ ಒಂದು ಹಳ್ಳಿಗೂ ಉಪಗ್ರಹದಿಂದ ಟಿ.ವಿ. ಬಂದಿರಲಿಲ್ಲ. ನಮ್ಮ ಈಗಿನ ಅಳತೆಗೋಲಿನಲ್ಲಿ ಹೇಳುವುದಾದರೆ, ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಆದರೆ ಅವರು ಬೆಳೆಸಿದ ಜನ ಇದ್ದರು. ಅವರ ವಿದ್ಯಾರ್ಥಿ ಯು.ಆರ್. ರಾವ್ ನೇತೃತ್ವದ ತಂಡ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ 360 ಕಿಲೊ ತೂಕದ ಆರ್ಯಭಟವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಒಯ್ಯಿತು. ಮೂರು ತಿಂಗಳ ನಂತರ ನಮ್ಮೂರ ಶಾಲೆಯ ಅಂಗಳದಲ್ಲಿ ಪೆಟ್ಟಿಗೆ ಕನ್ನಡ ಮಾತಾಡಿತು. 1980ರಲ್ಲಿ ಕಲಾಂ ಮತ್ತು ಸಂಗಡಿಗರ ಎಸ್.ಎಲ್.ವಿ.-3 ನಮ್ಮದೇ ಉಪಗ್ರಹವನ್ನು ನಮ್ಮದೇ ನೆಲದಿಂದ ಹಾರಿಸಿತು.

ಎಲ್ಲವೂ ಅವರು ಬಯಸಿದಂತೆಯೇ ಆಯಿತು ಅಂತ ನಾನು ಹೇಳುವುದಿಲ್ಲ. ಒಪ್ಪಂದದ ಪ್ರಕಾರ ವರ್ಷ ಮುಗಿದ ಕೂಡಲೇ ಉಪಗ್ರಹ ವಾಪಸು ಹೋಯಿತು. ಹಳ್ಳಿಯ ಶಾಲೆಯಿಂದ ಶುರುವಾದ ಟಿ.ವಿ. ಆಮೇಲೆ ನಗರದ ಬೈಠಕ್ ಖಾನೆ ಸೇರಿ, ಬೀಜ ಗೊಬ್ಬರದ ಜಾಗದಲ್ಲಿ ಜಾಹೀರಾತು ಬಂದದ್ದು ನಮಗೆಲ್ಲ ಗೊತ್ತು. ನಮ್ಮೂರ ಶಾಲೆಯಲ್ಲಿ ಇವತ್ತಿಗೂ ಪ್ರಯೋಗಾಲಯ ಅಂದರೆ ಬೀಗ ಹಾಕಿದ ಒಂದು ಕಪಾಟು. ಕಟ್ಟಕಡೆಯವರಿಂದ ಶುರು ಮಾಡುವ ಲೆಕ್ಕ ಇನ್ನೂ ಮುಗಿದಿಲ್ಲ.

2019ರಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದಾಗ ನಾನು ಪಿ.ಯು.ಸಿ.ಯಲ್ಲಿದ್ದೆ. 2023ರ ಆಗಸ್ಟ್ 23ರಂದು ಅದೇ ಹೆಸರಿನ ಇನ್ನೊಂದು ಲ್ಯಾಂಡರ್ ನೆಲ ಮುಟ್ಟಿದ್ದನ್ನು ಹಾಸ್ಟೆಲ್ಲಿನ ಟಿ.ವಿ. ಮುಂದೆ ಕೂಗಾಡುತ್ತಾ ನೋಡಿದ್ದೆ. ವಿಕ್ರಮ್ ಯಾರ ಹೆಸರು ಅನ್ನುವ ಪ್ರಶ್ನೆಗೂ ಒಂದು ಅಂಕ ಇರಬಹುದು ಅಂತ ಅಂದೇ ಬರೆದಿಟ್ಟುಕೊಂಡಿದ್ದೆ, ಅಷ್ಟೇ.

ಈಗ ನನ್ನ ವಿಷಯ. ಅಪ್ಪ ಈ ವರ್ಷವೇ ಕೊನೆ ಅಂದಿದ್ದಾರೆ. ಕೋಚಿಂಗಿಗೆಂದು ಮಾಡಿದ ಸಾಲ ಇನ್ನೂ ತೀರಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಇಷ್ಟಪಟ್ಟು ಓದಿದ ನಾನು, ಅದರಿಂದ ಕೆಲಸ ಸಿಗುವುದಿಲ್ಲ ಅಂತ ಮೂರು ವರ್ಷದಿಂದ ಆ ಪುಸ್ತಕ ಮುಟ್ಟಿರಲಿಲ್ಲ. ಸಾರಾಭಾಯಿ ಅವರಿಗಿದ್ದ ಮನೆತನ, ಹಣ ನನಗಿಲ್ಲ. ಅವರ ಹಾಗೆ ಆಗುತ್ತೇನೆ ಅಂತ ಹೇಳಿದರೆ ಅದು ಭಾಷಣವಾಗುತ್ತದೆ. ಆದರೆ ಒಂದು ಮಾತು ಮಾತ್ರ ಬಿಡದೆ ಕಾಡುತ್ತಿದೆ. ಅವರು ಓದಿದ್ದಕ್ಕೆ ಈ ದೇಶದಲ್ಲಿ ಹುದ್ದೆ ಇದೆಯೇ ಎಂದು ಕೇಳಲಿಲ್ಲ, ಅದಕ್ಕೆ ಇಲ್ಲಿ ಕೆಲಸ ಇದೆಯೇ ಎಂದು ಕೇಳಿದರು. ಹುದ್ದೆ ಇರಲಿಲ್ಲ, ಕೆಲಸ ಬೆಟ್ಟದಷ್ಟಿತ್ತು. ನಾನು ಇಷ್ಟು ದಿನ ಹುದ್ದೆ ಮಾತ್ರ ಹುಡುಕುತ್ತಿದ್ದೆ.

ಹಾಗಾಗಿ ಈ ಬಾರಿ ಎಫ್.ಡಿ.ಎ. ಅರ್ಜಿಯ ಜತೆಗೇ ಬಿ.ಇಡಿ. ಅರ್ಜಿಯನ್ನೂ ಹಾಕಿದ್ದೇನೆ. ಯಾವುದು ಕೈಹಿಡಿಯುತ್ತದೋ ಗೊತ್ತಿಲ್ಲ. ಊರಿಗೆ ಹೋದಾಗ ಮುಖ್ಯ ಶಿಕ್ಷಕರನ್ನು ಕೇಳಿ ಆ ಕಪಾಟಿನ ಬೀಗ ತೆಗೆಸಿದ್ದೆ. ಮಸೂರ, ಅಯಸ್ಕಾಂತ, ಒಂದು ವಿದ್ಯುತ್ ಗಂಟೆ ಸರಿಯಾಗಿಯೇ ಇದ್ದವು. ಎರಡು ಭಾನುವಾರ ಏಳನೇ ತರಗತಿಯ ಮಕ್ಕಳ ಜತೆ ಕೂತಿದ್ದೆ. ಅವರು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹಳೆಯ ಭೌತಶಾಸ್ತ್ರದ ಪುಸ್ತಕ ಮತ್ತೆ ತೆಗೆದಿದ್ದೇನೆ.

ಟಿ.ವಿ. ಯಾಕೆ ಸುಮ್ಮನಾಯಿತು ಅಂತ ಅಜ್ಜಿಗೆ ಈಗ ಹೇಳಿದ್ದೇನೆ. ಉಪಗ್ರಹ ಕಡ ತಂದದ್ದಾಗಿತ್ತು, ವಾಪಸು ಕೊಡಬೇಕಾಯಿತು ಅಂದೆ. ಆಕೆಗೆ ತಟ್ಟನೆ ಅರ್ಥವಾಯಿತು. ಕಡ ತಂದ ಎತ್ತಿನಲ್ಲಿ ಬಿತ್ತನೆ ಮಾಡಿದವಳು ಆಕೆ. ಆಮೇಲೆ, ಇದನ್ನೆಲ್ಲ ಮಾಡಿಸಿದ ಆ ಮನುಷ್ಯ ನಮ್ಮೂರ ಟಿ.ವಿ. ನೋಡಿದನೇ ಎಂದು ಕೇಳಿದಳು. ಇಲ್ಲ, ಅದಕ್ಕೂ ಮೊದಲೇ ತೀರಿಹೋಗಿದ್ದರು ಅಂದೆ. ಅಜ್ಜಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮತ್ತೆ ಶೇಂಗಾ ಸುಲಿಯತೊಡಗಿದಳು.